ಮೃತರ ಪಟ್ಟಿಯೂ ಸರ್ಕಾರದ ಅರ್ಹತಾಪತ್ರವೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 2013ನೆಯ ಇಸವಿ ಡಿಸೆಂಬರು 26ರಂದು ಅಧ್ಯಕ್ಷರ ಅಂಕಿತವನ್ನು ಪಡೆದ ಆಯವ್ಯಯ ಶಾಸನವೊಂದುಂಟು. ಎರಡು ಪಕ್ಷಗಳೂ ಕೂಡಿ ಒಪ್ಪಿದ ಆ ಶಾಸನದ ಮುಖ್ಯ ವಿಷಯ ಸರ್ಕಾರದ ಖರ್ಚುವೆಚ್ಚಗಳ ಮಿತಿ. ಆದರೆ ಅದರ ನಡುವೆ, ಹೊರಗಿನವರ ಕಣ್ಣಿಗೆ ಸುಲಭವಾಗಿ ಬೀಳದಂತೆ, 203 ಎಂಬ ಪ್ರಕರಣವು ಅಡಗಿದೆ. ಮನುಷ್ಯನು ಸತ್ತ ದಿನ ಮೊದಲುಗೊಂಡು ಮೂರು ವರ್ಷಗಳ ತನಕ ಅವನ ಹೆಸರು, ಸಾಮಾಜಿಕ ಭದ್ರತಾ ಸಂಖ್ಯೆ, ಜನನದ ತೇದಿ, ಮರಣದ ತೇದಿ ಇವು ಸರ್ಕಾರದ ಮರಣಪಟ್ಟಿಯಿಂದ ಎಲ್ಲರಿಗೂ ದೊರೆಯತಕ್ಕುವಲ್ಲ. ವಾಣಿಜ್ಯ ಇಲಾಖೆಯಿಂದ ಅರ್ಹತಾಪತ್ರವನ್ನು ಪಡೆದವರಿಗೆ ಮಾತ್ರ ದೊರೆಯತಕ್ಕುವು ಎಂಬುದು ಅದರ ತಾತ್ಪರ್ಯ. ಅದಕ್ಕೆ ಹಿಂದೆ ಮೂವತ್ತು ವರ್ಷಗಳಿಗೂ ಮಿಕ್ಕಿ ಈ ಸಂಗತಿಗಳು ಕೇಳಿದವರಿಗೆ ದೊರೆಯುತ್ತಿದ್ದುವು. ತೆರೆದಿದ್ದ ಬಾಗಿಲು ಮುಚ್ಚಿದ ಬಗೆ ಹೇಗೆ, ಮುಚ್ಚಿದ ಮೇಲೆ ಒಳಹೋಗುವ ಅಧಿಕಾರ ಯಾರಿಗೆ ದೊರೆಯಿತು, ಯಾರಿಗೆ ತಪ್ಪಿತು ಎಂಬುದು ದಾಖಲೆಗಳನ್ನು ಆಶ್ರಯಿಸಿ ಚರಿತ್ರೆಯನ್ನು ಬರೆಯುವವರೆಲ್ಲರೂ ವಿಚಾರಿಸತಕ್ಕ ಸಂಗತಿ.

ಈ ಪಟ್ಟಿ ಹುಟ್ಟಿದುದು ಮರಣವನ್ನು ಬರೆದಿಡಬೇಕೆಂಬ ಉದ್ದೇಶದಿಂದಲ್ಲ. 1935ನೆಯ ಆಗಸ್ಟು 14ರಂದು ಸಾಮಾಜಿಕ ಭದ್ರತಾ ಶಾಸನವು ಜಾರಿಗೆ ಬಂದು, ಮರುವರ್ಷ ನವೆಂಬರಿನಿಂದ ಕೆಲಸಗಾರರಿಗೆ ಅಂಚೆ ಕಚೇರಿಗಳ ಮೂಲಕ ಸಂಖ್ಯೆಗಳನ್ನು ಹಂಚಲು ತೊಡಗಿದರು. ದುಡಿಯುವವನ ಸಂಬಳದಿಂದ ಕತ್ತರಿಸಿದ ಹಣವು ಅವನ ಲೆಕ್ಕಕ್ಕೇ ಸೇರಬೇಕು, ಮುಪ್ಪಿನಲ್ಲಿ ಅವನಿಗೆ ವೇತನ ಸಿಕ್ಕಬೇಕು, ಸತ್ತರೆ ವೇತನ ನಿಲ್ಲಬೇಕು, ಉಳಿದವರಿಗೆ ಸಲ್ಲತಕ್ಕುದು ಸಲ್ಲಬೇಕು ಎಂಬ ಲೆಕ್ಕಪತ್ರದ ಅವಶ್ಯಕತೆಯಿಂದ ಇಲಾಖೆಯವರು ಸತ್ತವರ ಹೆಸರುಗಳನ್ನು ಗುರುತು ಹಾಕಿಕೊಳ್ಳಬೇಕಾಯಿತು. ಸುದ್ದಿ ಬರುತ್ತಿದ್ದುದು ಬಂಧುಗಳಿಂದ, ಶವಸಂಸ್ಕಾರದ ವ್ಯವಸ್ಥೆ ಮಾಡುವವರಿಂದ, ಬ್ಯಾಂಕುಗಳಿಂದ, ಅಂಚೆಯವರಿಂದ. ಮುಂದೆ ಆಯಾ ಸಂಸ್ಥಾನಗಳ ಜನನ ಮರಣ ದಫ್ತರಗಳಿಂದ. ಹೀಗೆ ಬೊಕ್ಕಸದ ಕಾವಲಿಗಾಗಿ ಮಾಡಿಕೊಂಡ ಗುರುತುಗಳು ಗಣಕಯಂತ್ರಗಳು ಬಂದ ಮೇಲೆ ಒಟ್ಟುಗೂಡಿ, 8 ಕೋಟಿಗೂ ಮಿಕ್ಕ ಹೆಸರುಗಳುಳ್ಳ ಒಂದು ಮಹಾಪಟ್ಟಿಯಾಗಿ ಬೆಳೆದುವು. ಅದನ್ನು ಆ ದೇಶದವರು ‘ಡೆತ್ ಮಾಸ್ಟರ್ ಫೈಲ್’ ಎಂದು ಕರೆಯುವರು.

ಆ ಗುರುತುಗಳು ಜನರ ಕೈಗೆ ಬಂದುದು ನ್ಯಾಯಸ್ಥಾನದ ಮೂಲಕ. ಸರ್ಕಾರದ ಕಾಗದಪತ್ರಗಳನ್ನು ಪ್ರಜೆಗಳು ಕೇಳಿ ಪಡೆಯಬಹುದೆಂಬ ಮಾಹಿತಿ ಸ್ವಾತಂತ್ರ್ಯ ಶಾಸನವು 1966ರಲ್ಲಿ ಆಗಿದ್ದಿತು. ಅದನ್ನು ಆಧಾರವಾಗಿಟ್ಟುಕೊಂಡು ಪರ್ಹೋಲ್ಟ್ಸ್ ಎಂಬಾತನು ಹೂಡಿದ ಮೊಕದ್ದಮೆಯು 1980ರಲ್ಲಿ ಉಭಯ ಪಕ್ಷಗಳ ಒಪ್ಪಿಗೆಯ ಡಿಕ್ರಿಯಲ್ಲಿ ಮುಗಿದು, ಮೃತರ ಸಂಖ್ಯೆ, ಮನೆತನದ ಹೆಸರು, ಮರಣದ ತೇದಿ ಇವುಗಳನ್ನು ಇಲಾಖೆಯವರು ಕೊಡಬೇಕಾಯಿತು. ಸರ್ಕಾರವು ವಾದವನ್ನು ಕೊನೆಯವರೆಗೆ ಎಳೆಯದೆ ಒಪ್ಪಿಕೊಂಡುದರಲ್ಲಿ ಆಶ್ಚರ್ಯವೇನೂ ಇಲ್ಲ. ವ್ಯಕ್ತಿಗಳ ಖಾಸಗಿ ವಿಷಯಗಳನ್ನು ಕಾಪಾಡಲು 1974ರಲ್ಲಿ ಆದ ಶಾಸನವು ಬದುಕಿರುವವರಿಗೆ ಮಾತ್ರ ಅನ್ವಯಿಸತಕ್ಕುದೆಂದು ಅರ್ಥಮಾಡಲ್ಪಟ್ಟಿದ್ದಿತು. ಸತ್ತವನಿಗೆ ಗುಟ್ಟಿಲ್ಲ, ಗುಟ್ಟಿಲ್ಲದವನ ಕಾಗದವನ್ನು ಬಚ್ಚಿಡಲು ಕಾರಣವಿಲ್ಲ ಎಂಬುದು ಆಗಿನ ತರ್ಕ.

ತರುವಾಯ ವಾಣಿಜ್ಯ ಇಲಾಖೆಗೆ ಸೇರಿದ ರಾಷ್ಟ್ರೀಯ ತಾಂತ್ರಿಕ ಮಾಹಿತಿ ಸೇವಾಸಂಸ್ಥೆಯು ಈ ಪಟ್ಟಿಯನ್ನು ಮಾರತೊಡಗಿತು. ಕೊಂಡವರು ಎರಡು ಬಗೆಯವರು. ಬ್ಯಾಂಕುಗಳು, ವಿಮಾ ಕಂಪೆನಿಗಳು, ನಿವೃತ್ತಿ ವೇತನದ ನಿಧಿಗಳು ಒಂದು ಕಡೆ. ವಂಶಾವಳಿಗಳನ್ನು ಶೋಧಿಸುವವರು, ಜನಸಂಖ್ಯಾಶಾಸ್ತ್ರಜ್ಞರು, ರೋಗಗಳ ಚರಿತ್ರೆಯನ್ನು ಬರೆಯುವ ವೈದ್ಯರು ಇನ್ನೊಂದು ಕಡೆ. ಈ ಎರಡನೆಯವರಿಗೆ ಇದು ಅಮೂಲ್ಯವಾದುದೆಂದು ಹೇಳಲು ಕಾರಣವುಂಟು. ಅಮೆರಿಕಾದಲ್ಲಿ ಮರಣದ ನೋಂದಣಿಯು ಒಂದೊಂದು ಸಂಸ್ಥಾನದ ಅಧೀನವಾದುದರಿಂದ ನಿಬಂಧನೆಗಳು ಒಂದೆಡೆಯಂತೆ ಇನ್ನೊಂದೆಡೆ ಇಲ್ಲ. ಸಂಸ್ಥಾನಗಳಿಗೆ ಮಾದರಿಯಾಗಲೆಂದು ರಚಿತವಾದ 1992ರ ಕರಡು ಶಾಸನವು ಮರಣ ದಾಖಲೆಗಳನ್ನು 50 ವರ್ಷಗಳ ಮೇಲೆ ತೆರೆಯಬಹುದೆಂದಿತು; 2011ರ ಪರಿಷ್ಕರಣವು ಆ ಅವಧಿಯನ್ನು 75 ವರ್ಷಗಳಿಗೆ ಏರಿಸಿತು. ಹೀಗೆ ಸಂಸ್ಥಾನಗಳ ಬಾಗಿಲುಗಳು ಬಿಗಿಯಾಗಿರುವಲ್ಲಿ ದೇಶಕ್ಕೆಲ್ಲ ಒಂದಾದ, ಹೆಸರು ಹಿಡಿದು ಹುಡುಕಬಹುದಾದ ಪಟ್ಟಿ ಇದೊಂದೇ. ಮಹಾಯುದ್ಧಗಳಲ್ಲಿ ಕಾಣೆಯಾದ ಯೋಧರ ಅಸ್ಥಿಗಳು ದೊರೆತಾಗ ಅವರ ಹತ್ತಿರದ ರಕ್ತಸಂಬಂಧಿಗಳನ್ನು ಪತ್ತೆಹಚ್ಚುವ ಕೆಲಸಕ್ಕೂ ಇದನ್ನು ಬಳಸಿದರು.

ಇಷ್ಟು ವರ್ಷ ನಿರುಪದ್ರವಿಯಾಗಿದ್ದ ಪಟ್ಟಿಗೆ ಕೇಡು ಬಂದುದು ಅನಿರೀಕ್ಷಿತವಾದ ದಿಕ್ಕಿನಿಂದ, ಎಂದರೆ ಮಕ್ಕಳ ಕಡೆಯಿಂದ. ಮೊದಲು ಭದ್ರತಾ ಸಂಖ್ಯೆಯು ದುಡಿಯುವವರಿಗೆ ಮಾತ್ರ ಬೇಕಾಗಿದ್ದಿತು. 1986ರ ತೆರಿಗೆ ಸುಧಾರಣಾ ಶಾಸನವು, ಮಕ್ಕಳ ಪೋಷಣೆಗಾಗಿ ತೆರಿಗೆಯಲ್ಲಿ ರಿಯಾಯಿತಿ ಕೇಳುವವರು ಐದು ವರ್ಷ ತುಂಬಿದ ಪ್ರತಿಯೊಂದು ಮಗುವಿನ ಸಂಖ್ಯೆಯನ್ನೂ ನಮೂದಿಸಬೇಕೆಂದು ವಿಧಿಸಿತು. ಮರುವರ್ಷ ತೆರಿಗೆಯ ಪತ್ರಗಳಿಂದ ಸುಮಾರು 70 ಲಕ್ಷ ಪೋಷ್ಯರು ಒಮ್ಮೆಗೇ ಮಾಯವಾದರೆಂಬುದು ಪ್ರಸಿದ್ಧವಾದ ಸಂಗತಿ. ಅವರಲ್ಲಿ ಅನೇಕರು ಹುಟ್ಟಿಯೇ ಇರಲಿಲ್ಲವೆಂದು ಊಹಿಸಲು ಅಡ್ಡಿಯಿಲ್ಲ. ಕ್ರಮೇಣ ಹುಟ್ಟಿದೊಡನೆಯೇ ಸಂಖ್ಯೆ ಕೊಡುವ ಪದ್ಧತಿ ಬಂದಿತು. ಸಂಖ್ಯೆಯುಳ್ಳ ಮಗು ಸತ್ತರೆ ಆ ಸಂಖ್ಯೆಯೂ ಮೃತರ ಪಟ್ಟಿಗೆ ಏರುವುದು. ಮೋಸಗಾರರಿಗೆ ಅದಕ್ಕಿಂತ ಅನುಕೂಲವಾದುದು ಬೇರೊಂದಿಲ್ಲ: ಸಾಲವಿಲ್ಲ, ಸಂಬಳವಿಲ್ಲ, ಹಳೆಯ ಲೆಕ್ಕವಿಲ್ಲ, ಎದುರು ಮಾತಾಡಲು ಮನುಷ್ಯನೂ ಇಲ್ಲ. ಅವರು ಪಟ್ಟಿಯಲ್ಲಿದ್ದ ಸಂಖ್ಯೆಗಳನ್ನು ಎತ್ತಿಕೊಂಡು, ಆ ಮಕ್ಕಳನ್ನು ತಮ್ಮ ಪೋಷ್ಯರೆಂದು ಬರೆದು, ತೆರಿಗೆಯ ಮರುಪಾವತಿಯನ್ನು ಪಡೆದುಬಿಡುತ್ತಿದ್ದರು. ತಿಂಗಳುಗಳ ಮೇಲೆ ನಿಜವಾದ ತಾಯಿತಂದೆಗಳು, ಕಳೆದುಕೊಂಡ ಕೂಸಿನ ಹೆಸರನ್ನು ಕಡೆಯ ಬಾರಿ ತೆರಿಗೆಯ ಪತ್ರದಲ್ಲಿ ಬರೆದು ಕಳುಹಿಸಿದರೆ, ಈ ಮಗುವನ್ನು ಆಗಲೇ ಬೇರೊಬ್ಬರು ತಮ್ಮದೆಂದು ಹೇಳಿದ್ದಾರೆಂಬ ಉತ್ತರ ಬರುತ್ತಿದ್ದಿತು.

2011 ಮತ್ತು 2012ರಲ್ಲಿ ಇಂಥ ತಾಯಿತಂದೆಗಳು ಶಾಸನಸಭೆಯ ಸಮಿತಿಗಳ ಮುಂದೆ ಸಾಕ್ಷಿ ನುಡಿದರು. ಅವರ ದುಃಖದ ಮುಂದೆ ಸಂಶೋಧಕರ ವಾದ ನಿಲ್ಲುವಂತಿರಲಿಲ್ಲ. ಆದರೂ ಆ ವಾದದಲ್ಲಿ ತಿರುಳಿದ್ದಿತೆಂಬುದನ್ನು ಮರೆಯಲಾಗದು. ತೆರಿಗೆ ಇಲಾಖೆಯು ಅದೇ ಪಟ್ಟಿಯನ್ನು ತಾನೂ ಪಡೆಯುತ್ತಿದ್ದಿತು. ಹಣವನ್ನು ಕೊಡುವುದಕ್ಕೆ ಮೊದಲು ಪಟ್ಟಿಯನ್ನು ಒಮ್ಮೆ ತೆರೆದು ನೋಡಿದ್ದರೆ ಸತ್ತ ಮಗುವಿನ ಹೆಸರಿನಲ್ಲಿ ಮರುಪಾವತಿ ಸಾಗುತ್ತಿರಲಿಲ್ಲ. ಕಳ್ಳನು ಓದಿದ ಪುಸ್ತಕವನ್ನು ಕಾವಲುಗಾರನು ಓದದೆ ಹೋದುದು ಪುಸ್ತಕದ ಅಪರಾಧವಲ್ಲ. ವಂಶಾವಳಿ ಪಂಡಿತರು ಇದನ್ನೇ ಹೇಳಿದರು; ಕೇಳಿದವರು ಕಡಮೆ.

ನ್ಯಾಯಶಾಸ್ತ್ರದ ಗಾಳಿಯೂ ಅಷ್ಟರೊಳಗೆ ತಿರುಗಿದ್ದಿತು. 2004ರಲ್ಲಿ ಫೇವಿಷ್ ಎಂಬವನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಸ್ಥಾನವು, ಸತ್ತವನ ಶವದ ಛಾಯಾಚಿತ್ರಗಳು ಹೊರಬೀಳದಂತೆ ತಡೆಯುವುದರಲ್ಲಿ ಅವನ ಕುಟುಂಬದವರಿಗೆ ಸ್ವಂತವಾದ ಹಿತವುಂಟೆಂದು ಒಮ್ಮತದಿಂದ ತೀರ್ಪಿತ್ತಿತು. ಸತ್ತವನಿಗೆ ಗುಟ್ಟಿಲ್ಲದಿದ್ದರೂ ಅವನನ್ನು ನೆನೆದು ಅಳುವವರಿಗೆ ಉಂಟು ಎಂಬ ಈ ತತ್ತ್ವವು 1980ರ ತರ್ಕಕ್ಕೆ ಮೊದಲನೆಯ ತಿದ್ದುಪಡಿ ಎನ್ನಬಹುದು. ಅದು ಚಿತ್ರಗಳಿಗೆ ಹೇಳಿದ ಮಾತು, ಹೆಸರು ತೇದಿಗಳಿಗಲ್ಲ. ಆದರೆ ತತ್ತ್ವಗಳು ತಾವು ಹುಟ್ಟಿದ ಮನೆಯಲ್ಲಿಯೇ ನಿಲ್ಲುವುದಿಲ್ಲ.

ಶಾಸನವಾಗುವುದಕ್ಕೆ ಮೊದಲೇ ಇಲಾಖೆಯು ಒಂದು ಹೆಜ್ಜೆಯನ್ನು ತಾನಾಗಿ ಇಟ್ಟಿತು. 1983ರ ತಿದ್ದುಪಡಿಯಂತೆ ಸಂಸ್ಥಾನಗಳ ದಫ್ತರಗಳಿಂದ ಬಂದ ಮರಣವಾರ್ತೆಯನ್ನು ಹೊರಗಿನವರಿಗೆ ಕೊಡತಕ್ಕುದಲ್ಲವೆಂಬ ನಿಬಂಧನೆಯಿದ್ದಿತು. ಆ ವಾರ್ತೆಗಳೂ ಬೆರೆತು ಮಾರಾಟವಾಗುತ್ತಿದ್ದುವೆಂಬುದು ಅರಿವಾಗಿ, 2011ರ ನವೆಂಬರಿನಲ್ಲಿ ಸುಮಾರು 42 ಲಕ್ಷ ಹೆಸರುಗಳನ್ನು ಪಟ್ಟಿಯಿಂದ ತೆಗೆದುಹಾಕಿದರು; ಮುಂದೆ ವರ್ಷಕ್ಕೆ ಸುಮಾರು 10 ಲಕ್ಷ ಹೆಸರುಗಳು ಕಡಮೆಯಾಗುವುವೆಂದೂ ಪ್ರಕಟಿಸಿದರು. ಅದೇ ಡಿಸೆಂಬರಿನಲ್ಲಿ ವಂಶಾವಳಿ ಶೋಧನೆಯ ದೊಡ್ಡ ಕಂಪೆನಿಯೊಂದು ಇತ್ತೀಚೆಗೆ ಸತ್ತವರ ಸಂಖ್ಯೆಗಳನ್ನು ತೋರಿಸುವುದನ್ನು ನಿಲ್ಲಿಸಿತು.

ಇನ್ನು ಅರ್ಹತಾಪತ್ರದ ಸ್ವರೂಪ. 203ನೆಯ ಪ್ರಕರಣದಂತೆ ಅದನ್ನು ಬೇಡುವವನು ಮೊದಲು ತನ್ನ ಉದ್ದೇಶವನ್ನು ತೋರಿಸಬೇಕು. ಆ ಉದ್ದೇಶ ಎರಡರಲ್ಲೊಂದಾಗಿರಬೇಕು: ಮೋಸವನ್ನು ತಡೆಯುವುದು, ಇಲ್ಲವೆ ಕಾನೂನಿನಿಂದಲೋ ಸರ್ಕಾರದ ನಿಬಂಧನೆಯಿಂದಲೋ ಇತರರ ಹಣಕ್ಕೆ ಧರ್ಮದರ್ಶಿಯಾದ ಹೊಣೆಯಿಂದಲೋ ಒದಗಿದ ವ್ಯವಹಾರ. ಆಮೇಲೆ, ಪಡೆದುದನ್ನು ಭದ್ರವಾಗಿ ಇಟ್ಟುಕೊಳ್ಳುವ ಸಾಧನಗಳೂ ಅನುಭವವೂ ತನಗುಂಟೆಂದು ಸ್ಥಾಪಿಸಬೇಕು. ಆ ಭದ್ರತೆಗೆ ಅಳತೆಗೋಲಾಗಿ ಹಿಡಿದಿರುವುದು ತೆರಿಗೆ ಸಂಹಿತೆಯ 6103ನೆಯ ಪ್ರಕರಣ. ಎಂದರೆ ಪ್ರಜೆಗಳ ವರಮಾನದ ಪತ್ರಗಳನ್ನು ಗುಟ್ಟಾಗಿಡುವುದಕ್ಕೆ 1976ರಲ್ಲಿ, ವಾಟರ್‌ಗೇಟ್ ಹಗರಣದ ಬಿಸಿ ಆರುವ ಮುನ್ನ, ಬಿಗಿಗೊಳಿಸಿದ ನಿಯಮ. ಜೀವಂತ ಮನುಷ್ಯನ ವರಮಾನಕ್ಕೆ ಹಾಕಿದ ಬೀಗವನ್ನೇ ಸತ್ತವನ ಹೆಸರಿಗೂ ಹಾಕಿದಂತಾಯಿತು. ನಿಯಮ ಮೀರಿ ಹೊರಗೆಡಹಿದರೆ ಒಂದೊಂದು ಸಲಕ್ಕೂ 1000 ಡಾಲರು ದಂಡ. ವರ್ಷಕ್ಕೆ ಎರಡೂವರೆ ಲಕ್ಷ ಡಾಲರು ಮಿತಿ, ಬೇಕೆಂದೇ ಮಾಡಿದವನಿಗೆ ಆ ಮಿತಿಯೂ ಇಲ್ಲ. ಮಾಹಿತಿ ಸ್ವಾತಂತ್ರ್ಯ ಶಾಸನದ ಹೆಸರು ಹೇಳಿ ಈ ಮೂರು ವರ್ಷದ ದಾಖಲೆಗಳನ್ನು ಕೇಳಲಾಗದೆಂದೂ ಸ್ಪಷ್ಟವಾಗಿ ಬರೆಯಲ್ಪಟ್ಟಿದೆ. 1980ರಲ್ಲಿ ಬಾಗಿಲನ್ನು ತೆರೆದ ಬೀಗದಕೈಯನ್ನು ಹೀಗೆ ಹಿಂದಕ್ಕೆ ತೆಗೆದುಕೊಂಡರು.

2014ನೆಯ ಮಾರ್ಚಿ 26ರಂದು ತಾತ್ಕಾಲಿಕ ನಿಯಮಗಳು ಜಾರಿಗೆ ಬಂದುವು. 2016ನೆಯ ಜೂನ್ 1ರಂದು ಪ್ರಕಟವಾದ ಕಡೆಯ ನಿಯಮಗಳು ಅದೇ ನವೆಂಬರು 28ರಿಂದ ಊರ್ಜಿತವಾದುವು. ಅವುಗಳ ಪ್ರಕಾರ ಅರ್ಹತೆಯನ್ನು ವರ್ಷವರ್ಷವೂ ನವೀಕರಿಸಬೇಕು. ಭದ್ರತೆಯ ಏರ್ಪಾಡು ಸರಿಯಾಗಿದೆಯೆಂದು ಮಾನ್ಯತೆ ಪಡೆದ ಬೇರೊಂದು ಪರೀಕ್ಷಕ ಸಂಸ್ಥೆಯಿಂದ ಮೂರು ವರ್ಷಕ್ಕೊಮ್ಮೆ ಒಕ್ಕಣೆ ತರಬೇಕು. ಸರ್ಕಾರದವರು ತಿಳಿಸದೆಯೂ ಬಂದು ತನಿಖೆ ಮಾಡಬಹುದು. ಇವೆಲ್ಲಕ್ಕೂ ಶುಲ್ಕವುಂಟು.

ಬ್ಯಾಂಕಿಗೆ ಇದು ಭಾರವಲ್ಲ. ಆದರೆ ಒಂಟಿಯಾಗಿ ಕೆಲಸ ಮಾಡುವ ವಿದ್ವಾಂಸನು ಈ ಮೆಟ್ಟಿಲುಗಳನ್ನು ಹತ್ತುವುದೆಂತು? ಹತ್ತಿದರೂ ಮೊದಲನೆಯ ಪ್ರಶ್ನೆಗೆ ಅವನ ಬಳಿ ಉತ್ತರವೆಲ್ಲಿ? ವಂಶಾವಳಿ ಶೋಧಕರಿಗೆ ಒಂದು ವರ್ಗವಾಗಿ ಅರ್ಹತೆ ಕೊಡಬೇಕೆಂಬ ಮನವಿಯು ಫಲಿಸಲಿಲ್ಲ. ವಾರಸುದಾರರನ್ನು ಹುಡುಕುವ ವೃತ್ತಿಯವರು ವ್ಯವಹಾರದ ದಾರಿಯಿಂದ ಒಳಬರಬಹುದು. ತಿಳಿಯಬೇಕೆಂಬ ಕಾರಣಕ್ಕಾಗಿ ತಿಳಿಯಬಯಸುವವನು ಬರುವಂತಿಲ್ಲ. ರೋಗಶೋಧಕರಿಗೆ ಬೇರೊಂದು ಬಾಗಿಲುಂಟು: 1979ರಿಂದೀಚಿನ ಮರಣಗಳನ್ನುಳ್ಳ ರಾಷ್ಟ್ರೀಯ ಮರಣಸೂಚಿ. ಅದು ವೈದ್ಯಕೀಯ ಸಂಖ್ಯಾಶೋಧನೆಗೆ ಮಾತ್ರ ಮೀಸಲು. ವಂಶಾವಳಿಗೆ ಕೊಡಲಾಗದೆಂದು ಅದರ ನಿಬಂಧನೆಯೇ ಹೇಳುವುದು. ಶಾಸನದ ನಿಜವಾದ ಬದಲಾವಣೆ ಇಲ್ಲಿದೆ. ಮೊದಲು ಕೇಳುತ್ತಿದ್ದ ಪ್ರಶ್ನೆ ‘ಈ ಕಾಗದ ಎಂತಹುದು?’ ಎಂದು, ಈಗ ಕೇಳುವುದು ‘ಕೇಳುವವನು ಯಾರು?’ ಎಂದು. ಹಣದ ಕಾರ್ಯಕ್ಕೆ ಹೆಸರಿಟ್ಟು ಗೌರವಿಸಿದ ಶಾಸನವು ಜ್ಞಾನದ ಕಾರ್ಯವನ್ನು ಹೆಸರಿಸಲೇ ಇಲ್ಲ.

ಹಣದ ಕಾರ್ಯಕ್ಕೆ ಅಷ್ಟು ವಿಶ್ವಾಸ ಸಲ್ಲತಕ್ಕುದೆ ಎಂಬುದೂ ಚರ್ಚಾಸ್ಪದವೇ. 2011ರ ಸುಮಾರಿಗೆ ಸಂಸ್ಥಾನಗಳ ಅಧಿಕಾರಿಗಳು ನಡೆಸಿದ ವಿಚಾರಣೆಗಳಲ್ಲಿ, ಕೆಲವು ವಿಮಾ ಕಂಪೆನಿಗಳು ವರ್ಷಾಶನವನ್ನು ನಿಲ್ಲಿಸುವುದಕ್ಕೆ ಈ ಪಟ್ಟಿಯನ್ನು ತಪ್ಪದೆ ನೋಡುತ್ತಿದ್ದು, ಸತ್ತವನ ವಿಮೆಯ ಹಣವನ್ನು ಅವನ ಮನೆಯವರಿಗೆ ಸಲ್ಲಿಸುವುದಕ್ಕೆ ಮಾತ್ರ ನೋಡದೆ ಇದ್ದುವೆಂದು ಹೊರಬಿದ್ದಿತು. ಎರಡಕ್ಕೂ ನೋಡಲೇಬೇಕೆಂದು ಆಮೇಲೆ ಹಲವು ಸಂಸ್ಥಾನಗಳು ಶಾಸನ ಮಾಡಿದುವು.

ಮೃತರ ಹೆಸರುಗಳನ್ನು ತೆರೆದಿಟ್ಟರೆ ಕೇಡಾಗುವುದೆಂಬ ಭಯ ಅಮೆರಿಕಾಕ್ಕೆ ಮಾತ್ರ ಸೇರಿದುದಲ್ಲ. ಇಂಗ್ಲೆಂಡಿನಲ್ಲಿ 1837ನೆಯ ಜುಲೈ 1ರಿಂದ ನಡೆದುಬಂದ ನೋಂದಣಿಯ ಸೂಚಿಗಳು ಎಲ್ಲರಿಗೂ ತೆರೆದಿವೆ. ಶುಲ್ಕ ತೆತ್ತ ಯಾರಿಗಾದರೂ ಯಾರ ಮರಣಪತ್ರವಾದರೂ ಸಿಕ್ಕುವುದು. ಶೈಶವದಲ್ಲಿ ಸತ್ತವನ ಹೆಸರನ್ನು ಎತ್ತಿಕೊಂಡು ಹೊಸ ಮನುಷ್ಯನಾಗುವ ಉಪಾಯವು ಅಲ್ಲಿ 1971ರ ಫೋರ್ಸೈತನ ‘ದಿ ಡೇ ಆಫ್ ದಿ ಜಾಕಲ್’ ಕಾದಂಬರಿಯಿಂದ ಮನೆಮಾತಾಯಿತು. ಆದರೆ ಲಂಡನ್ನಿನ ಪೋಲೀಸು ಗೂಢಚಾರರೇ ಸತ್ತ ಮಕ್ಕಳ ಹೆಸರುಗಳನ್ನು ವೇಷವಾಗಿ ತೊಟ್ಟಿದ್ದರೆಂಬುದು 2013ರ ಅಧಿಕೃತ ವರದಿಯಿಂದ ದೃಢಪಟ್ಟಿತು. ಅವರನ್ನು ಯಾವ ಅರ್ಹತಾಪತ್ರವೂ ತಡೆಯುತ್ತಿರಲಿಲ್ಲ.

ಭಾರತದ ನಿಯಮವು ಈ ಎರಡಕ್ಕಿಂತಲೂ ಬೇರೆಯಾದ ಗೆರೆಯನ್ನು ಎಳೆದಿತು. 1969ರ ಜನನ ಮರಣ ನೋಂದಣಿ ಶಾಸನದ 17ನೆಯ ಪ್ರಕರಣವು ಯಾರೇ ಆಗಲಿ ಶುಲ್ಕ ಕೊಟ್ಟು ರಿಜಿಸ್ಟರಿನಲ್ಲಿ ಹುಡುಕಿಸಿ ನಕಲು ಪಡೆಯಬಹುದೆಂದು ವಿಧಿಸಿ, ಮರಣದ ಕಾರಣವನ್ನು ಮಾತ್ರ ಆ ನಕಲಿನಲ್ಲಿ ತೋರಿಸತಕ್ಕುದಲ್ಲವೆಂದಿತು. ಕೇಳುವವನ ಯೋಗ್ಯತೆಯನ್ನು ಅಳೆಯದೆ, ದಾಖಲೆಯೊಳಗಿನ ನೋವಿನ ಭಾಗವೊಂದನ್ನು ಎಲ್ಲರಿಗೂ ಸಮನಾಗಿ ಮುಚ್ಚುವ ವಿಧಾನವಿದು. ಸಂಶೋಧಕನ ದೃಷ್ಟಿಯಿಂದ ಇದೇ ಮೇಲೆನ್ನದೆ ಗತ್ಯಂತರವಿಲ್ಲ. ಕನ್ನಡ ನಾಡಿನ ಚರಿತ್ರೆಯು ಮರಣದ ದಾಖಲೆಗಳಿಗೆ ಎಷ್ಟು ಋಣಿಯೆಂಬುದನ್ನು ಶ್ರವಣಬೆಳ್ಗೊಳದ ನಿಸಿದಿಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಗಂಗ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನದಿಂದ ಮುಡಿಪಿದನೆಂಬ ವಾರ್ತೆಯನ್ನು ಕೂಗೆ ಬ್ರಹ್ಮದೇವರ ಕಂಬದಲ್ಲಿ ಕೆತ್ತಿದವರು, ಅದನ್ನು ಓದಬರುವವನಲ್ಲಿ ಉದ್ದೇಶವೇನೆಂದು ಕೇಳಲಿಲ್ಲ. ಆತಕೂರಿನ ಕಲ್ಲಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಯ ಮರಣವೂ ದಾಖಲಾಗಿದೆ. ಆ ಕಲ್ಲುಗಳಲ್ಲಿ ಕದಿಯತಕ್ಕ ಸಂಖ್ಯೆಯೇನೂ ಇರಲಿಲ್ಲವೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ಆ ಆಕ್ಷೇಪದಿಂದ ತಿಳಿಯುವುದು, ಅಮೆರಿಕಾದಲ್ಲಿ ಅಪಾಯಕಾರಿಯಾದುದು ಸಂಖ್ಯೆಯೇ ಹೊರತು ಮರಣವಲ್ಲವೆಂದು. ಸಂಖ್ಯೆಯೊಂದನ್ನು ಮುಚ್ಚಿ ಹೆಸರು ತೇದಿಗಳನ್ನು ತೆರೆದಿಡುವ ದಾರಿಯಿದ್ದಿತು. ಶಾಸನವು ಅದನ್ನು ಹಿಡಿಯಲಿಲ್ಲ.

ಪಟ್ಟಿಯ ಪ್ರಾಮಾಣ್ಯದ ವಿಷಯವಾಗಿ ಎರಡು ಮಾತು ಹೇಳಬೇಕು. ಇದು ಮರಣಕ್ಕೆ ಸಾಕ್ಷ್ಯವೆಂದು ಇಲಾಖೆಯೇ ಭರವಸೆ ಕೊಡುವುದಿಲ್ಲ. ತಿಂಗಳಿಗೆ ಸುಮಾರು 1000 ಮಂದಿ ಬದುಕಿರುವವರು ತಪ್ಪಾಗಿ ಮೃತರೊಡನೆ ಸೇರಿಹೋಗುತ್ತಿದ್ದರೆಂದು 2011ರ ಸುಮಾರಿನ ಸರ್ಕಾರದ ತನಿಖೆಗಳು ತಿಳಿಸಿದುವು. ಅಂಥವರ ಬ್ಯಾಂಕು ಲೆಕ್ಕ ನಿಲ್ಲುವುದು, ಸಾಲ ಹುಟ್ಟದು, ವೈದ್ಯಸಹಾಯ ತಪ್ಪುವುದು. ಇದಕ್ಕೆ ವಿರುದ್ಧವಾಗಿ, 112 ವರ್ಷ ಮೀರಿಯೂ ಮರಣದ ಗುರುತಿಲ್ಲದ ಸುಮಾರು 65 ಲಕ್ಷ ಸಂಖ್ಯೆಗಳು ಇಲಾಖೆಯ ಕಡತದಲ್ಲಿದ್ದುವೆಂದು 2015ರ ವರದಿ ಹೇಳಿತು. ಅವರಲ್ಲಿ ಬಹುಮಂದಿಗೆ ಹಣವೇನೂ ಸಲ್ಲುತ್ತಿರಲಿಲ್ಲ. 2025ರ ಏಪ್ರಿಲಿನಲ್ಲಿ, ವಲಸೆ ಬಂದ 6000ಕ್ಕೂ ಮಿಕ್ಕ ಸಜೀವ ಜನರ ಸಂಖ್ಯೆಗಳನ್ನು ಬುದ್ಧಿಪೂರ್ವಕವಾಗಿಯೇ ಈ ಪಟ್ಟಿಗೆ ಸೇರಿಸಿದರೆಂದು ಪತ್ರಿಕೆಗಳು ವರದಿ ಮಾಡಿದುವು. ದುಡಿಯುವ, ಹಣವಿಡುವ ದಾರಿಗಳನ್ನು ಮುಚ್ಚಿ ದೇಶ ಬಿಡುವಂತೆ ಮಾಡುವುದು ಅದರ ಉದ್ದೇಶವೆಂದು ಹೇಳಲಾಯಿತು. ಲೆಕ್ಕದ ಪುಸ್ತಕವಾಗಿ ಹುಟ್ಟಿದುದು ಇಲ್ಲಿ ಶಿಕ್ಷೆಯ ಆಯುಧವಾಯಿತು. ಇಂಥ ಪಟ್ಟಿಯನ್ನು ಹೊರಗಿನ ಕಣ್ಣುಗಳು ನೋಡುತ್ತಿರುವುದು ಕಳ್ಳರಿಗೆ ಮಾತ್ರ ಅನುಕೂಲವೆಂದು ಯಾರೂ ಹೇಳಲಾರರು.

ಸರ್ಕಾರದ ಒಳಗೂ ಈ ಬೀಗವು ಬಹುಕಾಲ ಅಡ್ಡಿಯಾಗಿದ್ದಿತು. ಸಂಸ್ಥಾನಗಳ ವಾರ್ತೆಯೂ ಸೇರಿದ ಪೂರ್ಣ ಪಟ್ಟಿಯು ದೇಶದ ಬೊಕ್ಕಸಕ್ಕೇ ದೊರೆಯುತ್ತಿರಲಿಲ್ಲ. 2020ರ ಡಿಸೆಂಬರಿನ ಶಾಸನವೊಂದರಿಂದ ಅನುಮತಿ ದೊರೆತು, 2023ರ ಡಿಸೆಂಬರಿನಿಂದ ಅದನ್ನು ಬಳಸತೊಡಗಿದ ಬೊಕ್ಕಸದವರು, ಐದು ತಿಂಗಳಲ್ಲಿ 3 ಕೋಟಿ 10 ಲಕ್ಷ ಡಾಲರುಗಳಷ್ಟು ಹಣವು ಮೃತರ ಪಾಲಾಗದಂತೆ ಉಳಿದೋ ಹಿಂದಕ್ಕೆ ಬಂದೋ ಲಾಭವಾಯಿತೆಂದು 2025ರ ಜನವರಿಯಲ್ಲಿ ಪ್ರಕಟಿಸಿದರು.

ಈ ಪಟ್ಟಿಯನ್ನು ಆಧಾರವಾಗಿ ಬಳಸುವವರು ಗಮನಿಸಬೇಕಾದ ಅಂಶವೊಂದು ಉಳಿದಿದೆ. ಮೂರು ವರ್ಷ ತುಂಬಿದವರ ಹೆಸರುಗಳು ದಿನದಿನವೂ ನಿರ್ಬಂಧದಿಂದ ಹೊರಬರುತ್ತವೆ. ಆದುದರಿಂದ 203ನೆಯ ಪ್ರಕರಣದಿಂದಾದ ಕೊರತೆ ಕಾಲದಲ್ಲಿ ತುಂಬುವಂತಹುದು. 2011ರಲ್ಲಿ ತೆಗೆದುಹಾಕಿದ 42 ಲಕ್ಷ ಹೆಸರುಗಳಾದರೋ ಹಾಗೆ ಕಾಲಾವಧಿಗೆ ಒಳಪಟ್ಟುವಲ್ಲ. ಅವು ಅದಕ್ಕೆ ಹಿಂದೆ ಮಾರಾಟವಾದ ಪ್ರತಿಗಳಲ್ಲಿದ್ದು, ಅನಂತರದ ಪ್ರತಿಗಳಲ್ಲಿ ಇಲ್ಲ. ಒಬ್ಬನ ಹೆಸರು ಸಿಕ್ಕದೆ ಹೋದರೆ ಅವನು ಆಗ ಬದುಕಿದ್ದನೆಂದು ಬರೆಯುವುದಕ್ಕೆ ಮುನ್ನ, ಕೈಯಲ್ಲಿರುವ ಪ್ರತಿಯು 2011ರ ನವೆಂಬರಿಗೆ ಹಿಂದಿನದೋ ಮುಂದಿನದೋ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು.